ನಾಫ್‌ಪ್ಲಿಯೊದಲ್ಲಿ ಮೂರು ರಾತ್ರಿ: ಮೈಸೀನಿ, ಟಿರಿನ್ಸ್, ಎಪಿಡಾರಸ್ ನೋಡಲು ಸಮಗ್ರ ಮಾರ್ಗದರ್ಶಿ

ಅಥೆನ್ಸ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗುವ ಪ್ಯಾಕೇಜ್ ಬಸ್ಸುಗಳು ಒಂದೇ ದಿನದಲ್ಲಿ ಕೊರಿಂಥ್ ಕಾಲುವೆ, ಕಂಚಿನ ಯುಗದ ಕೋಟೆ ಮೈಸೀನಿ, ನಾಫ್‌ಪ್ಲಿಯೊ, ಪುರಾತನ ರಂಗಮಂದಿರದ ಎಪಿಡಾರಸ್ ನಾಲ್ಕನ್ನೂ ತೋರಿಸಿಬಿಡುತ್ತವೆ. ತೊಂದರೆ ಏನೆಂದರೆ, ಎಲ್ಲ ಬಸ್ಸುಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತವೆ, ಒಂದೇ ಹೊತ್ತಿಗೆ ತಲುಪುತ್ತವೆ. ಹತ್ತರಿಂದ ಒಂದು ಗಂಟೆಯವರೆಗೆ ಮೈಸೀನಿಯ ಸಿಂಹದ್ವಾರದ ಎದುರು ಗೈಡ್‌ಗಳ ಕೊಡೆಗಳೇ ಕಾಣುತ್ತವೆ, ಸಿಂಹಗಳಲ್ಲ. ಅದೇ ಜಾಗ ಬೆಳಿಗ್ಗೆ ಎಂಟೂಕಾಲಕ್ಕೆ ಬಹುತೇಕ ಖಾಲಿ.

ಹಾಗಾಗಿ ಈ ಮಾರ್ಗದರ್ಶಿ ಒಂದೇ ಸೂತ್ರದ ಮೇಲೆ ನಿಂತಿದೆ: ಏನು ನೋಡಬೇಕು ಅನ್ನುವುದಕ್ಕಿಂತ ಎಷ್ಟು ಗಂಟೆಗೆ ನೋಡಬೇಕು ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಅದಕ್ಕೆ ನಾಫ್‌ಪ್ಲಿಯೊ ಪಟ್ಟಣದಲ್ಲಿ ಮೂರು ರಾತ್ರಿ ತಂಗುವುದು ಒಳ್ಳೆಯದು. ಪೆಲೊಪೊನೀಸ್ ಪರ್ಯಾಯ ದ್ವೀಪದ ಈಶಾನ್ಯ ಮೂಲೆಯಲ್ಲಿರುವ ಆರ್ಗೋಲಿಡಾ ಪ್ರಾಂತ್ಯ ಚಿಕ್ಕದು. ನಾಫ್‌ಪ್ಲಿಯೊದಿಂದ ಟಿರಿನ್ಸ್ ಕೋಟೆ 4 ಕಿ.ಮೀ., ಆರ್ಗೋಸ್ 12, ಮೈಸೀನಿ ಸುಮಾರು 24, ಎಪಿಡಾರಸ್ ರಂಗಮಂದಿರ 30ರೊಳಗೆ. ಮೂರೂವರೆ ಸಾವಿರ ವರ್ಷಗಳ ಚರಿತ್ರೆ ಅರ್ಧ ಗಂಟೆಯ ದಾರಿಯೊಳಗೇ ಸಿಗುತ್ತದೆ.

ಯಾವ ತಿಂಗಳು, ಯಾವ ದಿನ

ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆ, ಇವೆರಡೇ ಒಳ್ಳೆಯ ಕಾಲ. ವಸಂತದಲ್ಲಾದರೆ ಕೋಟೆಯ ಕಲ್ಲುಗಳ ನಡುವೆ ಕೆಂಪು ಗಸಗಸೆ ಹೂ, ಬಯಲಿನಲ್ಲಿ ಕಿತ್ತಳೆ ಹೂವಿನ ಘಮ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 38–40 ಡಿಗ್ರಿ ಮುಟ್ಟುತ್ತದೆ. ಇದು ಮಂಗಳೂರಿನ ಸೆಕೆಯಲ್ಲ, ಒಣ ಬಿಸಿಲು. ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡಿರಿ ಎಂದು ಗೊತ್ತಾಗುವಷ್ಟರಲ್ಲಿ ತಲೆ ಸುತ್ತುತ್ತಿರುತ್ತದೆ. ಒಬ್ಬರಿಗೆ ಒಂದು ಬೆಳಿಗ್ಗೆಗೆ ಒಂದೂವರೆ ಲೀಟರ್ ನೀರು ಲೆಕ್ಕ ಹಾಕಿ. ಬಿಸಿಗಾಳಿಯ ದಿನಗಳಲ್ಲಿ ಸಂಸ್ಕೃತಿ ಇಲಾಖೆ ಮಧ್ಯಾಹ್ನದ ಕೆಲವು ಗಂಟೆ ತಾಣಗಳನ್ನೇ ಮುಚ್ಚಿಸುವುದುಂಟು. ಕಾಡ್ಗಿಚ್ಚಿನ ಎಚ್ಚರಿಕೆ 112 ಸಂಖ್ಯೆಯಿಂದ ಮೊಬೈಲಿಗೆ ಜೋರಾದ ಸದ್ದಿನೊಂದಿಗೆ ಬರುತ್ತದೆ, ಅದನ್ನು ಸ್ಪ್ಯಾಮ್ ಎಂದುಕೊಂಡು ಅಳಿಸಬೇಡಿ. 2020ರ ಆಗಸ್ಟ್ ಕೊನೆಯಲ್ಲಿ ಮೈಸೀನಿ ಕೋಟೆಯ ಬುಡಕ್ಕೇ ಬೆಂಕಿ ಬಂದಿತ್ತು.

ತಾಣಗಳು ಪೂರ್ತಿ ಮುಚ್ಚಿರುವ ದಿನಗಳು: ಜನವರಿ 1, ಮಾರ್ಚ್ 25, ಈಸ್ಟರ್ ಭಾನುವಾರ, ಮೇ 1, ಡಿಸೆಂಬರ್ 25 ಮತ್ತು 26. ಇಲ್ಲಿ ಎಡವುವುದು ಈಸ್ಟರ್ ವಿಷಯದಲ್ಲಿ. ಗ್ರೀಸ್ ಆಚರಿಸುವುದು ಆರ್ಥೊಡಾಕ್ಸ್ ಈಸ್ಟರ್. ನಮ್ಮ ಕ್ಯಾಲೆಂಡರಿನಲ್ಲಿ ಮುದ್ರಿಸಿರುವ ದಿನಾಂಕಕ್ಕೆ ಅದು ಹೆಚ್ಚಿನ ವರ್ಷ ತಾಳೆಯಾಗುವುದಿಲ್ಲ. 2026ರಲ್ಲಿ ಏಪ್ರಿಲ್ 12, 2027ರಲ್ಲಿ ಮೇ 2. ಹಿಂದಿನ ಶುಕ್ರವಾರ ಅರ್ಧ ದಿನ ಮಾತ್ರ ತೆರೆದಿರುತ್ತದೆ, ಆ ವಾರ ನಾಫ್‌ಪ್ಲಿಯೊದಲ್ಲಿ ಕೋಣೆ ಸಿಗುವುದೂ ಕಷ್ಟ.

ಉಚಿತ ಪ್ರವೇಶದ ದಿನಗಳೂ ಇವೆ: ಮಾರ್ಚ್ 6, ಏಪ್ರಿಲ್ 18, ಮೇ 18, ಸೆಪ್ಟೆಂಬರಿನ ಕೊನೆಯ ಶನಿವಾರ–ಭಾನುವಾರ, ಅಕ್ಟೋಬರ್ 28, ಜೊತೆಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲನೆಯ ಮತ್ತು ಮೂರನೆಯ ಭಾನುವಾರ. ಚಳಿಗಾಲದಲ್ಲಿ ಹೋಗುವವರು ಅಂಥ ಒಂದು ಭಾನುವಾರ ಹೊಂದಿಸಿಕೊಂಡರೆ ಒಂದು ಕುಟುಂಬಕ್ಕೆ ಒಳ್ಳೆಯ ಮೊತ್ತವೇ ಉಳಿಯುತ್ತದೆ.

ತಲುಪುವುದು, ಮತ್ತು ಹೆಸರುಗಳ ಗೋಜಲು

ಅಥೆನ್ಸ್‌ನಿಂದ ನಾಫ್‌ಪ್ಲಿಯೊ ಸುಮಾರು 140 ಕಿ.ಮೀ. ರೈಲಿಲ್ಲ. ಹಳೆಯ ಮೀಟರ್‌ಗೇಜ್ ಮಾರ್ಗ ನಿಂತುಹೋಗಿ ವರ್ಷಗಳಾದವು. ಹಳೆಯ ನಕ್ಷೆಗಳಲ್ಲಿ ಕಾಣುವ ನಿಲ್ದಾಣ ಈಗ ಉದ್ಯಾನದ ಅಲಂಕಾರ. ಬಸ್ಸೇ ಗತಿ. ವಿಮಾನ ನಿಲ್ದಾಣದಿಂದ ಎಕ್ಸ್93 ಸಂಖ್ಯೆಯ ಸಿಟಿ ಬಸ್ ಹಿಡಿದು ಕಿಫಿಸೋಸ್ ಬಸ್ ನಿಲ್ದಾಣಕ್ಕೆ ಬನ್ನಿ, ಅಲ್ಲಿ ಆರ್ಗೋಲಿಡಾ ಕೆಟೆಲ್‌ನ ಕೌಂಟರಿನಲ್ಲಿ ಟಿಕೆಟ್ ತೆಗೆಯಿರಿ. ಗ್ರೀಸ್‌ನಲ್ಲಿ ಊರೂರಿನ ಬಸ್ ಸಂಸ್ಥೆಗೆ ಕೆಟೆಲ್ ಅನ್ನುತ್ತಾರೆ, ಪ್ರಾಂತ್ಯಕ್ಕೊಂದು ಕೆಟೆಲ್, ಒಂದೊಂದಕ್ಕೂ ಬೇರೆ ಕೌಂಟರ್. ಪ್ರಯಾಣ ಎರಡರಿಂದ ಎರಡೂವರೆ ಗಂಟೆ.

ಬಸ್ಸಿನಲ್ಲೇ ಎಲ್ಲ ನೋಡಬಹುದೇ? ಟಿರಿನ್ಸ್, ಆರ್ಗೋಸ್‌ಗೆ ತೊಂದರೆಯಿಲ್ಲ, ಆರ್ಗೋಸ್ ಬಸ್ಸುಗಳು ದಿನವಿಡೀ ಓಡಾಡುತ್ತವೆ. ಮೈಸೀನಿ, ಎಪಿಡಾರಸ್‌ಗೆ ದಿನಕ್ಕೆ ಕೆಲವೇ ಬಸ್ಸು, ಭಾನುವಾರ ಇನ್ನೂ ಕಡಿಮೆ. ಹೋಗುವ ಸಮಯಕ್ಕಿಂತ ವಾಪಸು ಬರುವ ಕೊನೆಯ ಬಸ್ಸಿನ ಸಮಯವನ್ನು ನಾಫ್‌ಪ್ಲಿಯೊ ನಿಲ್ದಾಣದಲ್ಲಿ ಕೇಳಿ ಬರೆದುಕೊಳ್ಳುವುದು ಮುಖ್ಯ. ಅಥೆನ್ಸ್‌ನಿಂದ ನಾಫ್‌ಪ್ಲಿಯೊಗೆ ಬರುವ ಬಸ್ಸು ಮೈಸೀನಿ ಕೋಟೆಯವರೆಗೆ ಹೋಗುವುದಿಲ್ಲ, ಫಿಖ್ತಿ ಎಂಬ ಹಳ್ಳಿಯ ಹೆದ್ದಾರಿಯಲ್ಲಿ ಇಳಿಸುತ್ತದೆ. ಅಲ್ಲಿಂದ ಕೋಟೆಗೆ ನಾಲ್ಕು ಕಿ.ಮೀ. ಹತ್ತಿರದ ಏರುದಾರಿ, ಲಗೇಜು ಹಿಡಿದು ನಡೆಯುವಂಥದ್ದಲ್ಲ.

ಮೂರು ನಾಲ್ಕು ಜನರಿದ್ದರೆ ಎರಡು ದಿನಕ್ಕೆ ಕಾರು ಬಾಡಿಗೆಗೆ ಪಡೆಯುವುದೇ ಲಾಭ. ಭಾರತದ ಲೈಸೆನ್ಸ್ ಒಂದೇ ಸಾಲದು, ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅದಿಲ್ಲದೆ ಯಾರಾದರೂ ಕಾರು ಕೊಟ್ಟರೂ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಹೆಚ್ಚಿನವು ಗೇರಿನ ಕಾರುಗಳು. ಬಲಗೈಯಲ್ಲಿ ಗೇರು ಹಾಕಿ ಅಭ್ಯಾಸವಿಲ್ಲದವರು ಆಟೊಮ್ಯಾಟಿಕ್ ಕಾರನ್ನು ಮುಂಚೆಯೇ ಕಾಯ್ದಿರಿಸಿ. ನಾಫ್‌ಪ್ಲಿಯೊದ ಹಳೆಪೇಟೆಯೊಳಗೆ ಕಾರು ತರಬೇಡಿ, ಬಂದರಿನ ಪಕ್ಕ ವಿಶಾಲವಾದ ನಿಲುಗಡೆ ಜಾಗವಿದೆ.

ಈಗ ಹೆಸರುಗಳು. ಇಂಗ್ಲಿಷ್ ಪುಸ್ತಕಗಳ ಮೈಸೀನಿ ಗ್ರೀಕ್ ಬಾಯಲ್ಲಿ ‘ಮಿಕೀನೆಸ್’, ಟಿರಿನ್ಸ್ ‘ತಿರಿಂಥಾ’, ಎಪಿಡಾರಸ್ ‘ಎಪಿದಾವ್ರೋಸ್’. ಇದರಲ್ಲಿ ದುಬಾರಿಯಾಗುವುದು ಕೊನೆಯದು. ಎಪಿದಾವ್ರೋಸ್ ಹೆಸರಿನ ಊರುಗಳೇ ಬೇರೆ, ನೀವು ನೋಡಬೇಕಾದ ರಂಗಮಂದಿರವೇ ಬೇರೆ. ಪ್ರಸಿದ್ಧ ರಂಗಮಂದಿರ ಇರುವುದು ಲಿಗೂರ್ಯೊ ಹಳ್ಳಿಯ ಹತ್ತಿರ, ಒಳನಾಡಿನ ಪೈನ್ ಮರಗಳ ನಡುವೆ. ‘ಪುರಾತನ ಎಪಿದಾವ್ರೋಸ್’ ಅನ್ನುವುದು ಅಲ್ಲಿಂದ ಸುಮಾರು 15 ಕಿ.ಮೀ. ದೂರದ ಕಡಲತೀರದ ಊರು. ಮೋಸವೇನೆಂದರೆ ಅಲ್ಲೂ ಒಂದು ಪುರಾತನ ರಂಗಮಂದಿರವಿದೆ, ಚಿಕ್ಕದು. ನಾಟಕೋತ್ಸವದ ಪ್ರದರ್ಶನಗಳು ಅಲ್ಲೂ ನಡೆಯುತ್ತವೆ. ಮೊಬೈಲ್ ನಕ್ಷೆಯಲ್ಲಿ ಊರಿನ ಹೆಸರು ಹಾಕದೆ ‘ಎಪಿಡಾರಸ್‌ನ ಅಸ್ಕ್ಲೀಪಿಯಸ್ ಕ್ಷೇತ್ರ’ ಎಂದೇ ಹುಡುಕಿ. ನಾಟಕದ ಟಿಕೆಟಿನಲ್ಲಿ ‘ಚಿಕ್ಕ ರಂಗಮಂದಿರ’ ಎಂದಿದೆಯೇ ನೋಡಿಕೊಳ್ಳಿ.

ಟಿಕೆಟ್ಟು

ಗ್ರೀಸ್ ಸಂಸ್ಕೃತಿ ಇಲಾಖೆಯ ಅಧಿಕೃತ ಇ-ಟಿಕೆಟ್ ತಾಣದಲ್ಲಿ ಹಿಂದಿನ ದಿನ ಕೊಂಡರೆ ಸಾಕು. 2025ರಲ್ಲಿ ದರಗಳು ಏರಿವೆ, ಹಳೆಯ ಪ್ರವಾಸ ಪುಸ್ತಕಗಳ ಲೆಕ್ಕ ನಂಬಬೇಡಿ. 25 ವರ್ಷದೊಳಗಿನ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಉಚಿತ. ನಮ್ಮಂಥ ಹೊರಗಿನವರ ಮಕ್ಕಳಿಗೆ 6ರಿಂದ 25 ವರ್ಷದವರೆಗೆ ರಿಯಾಯಿತಿ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಬೇಕು, ಆಧಾರ್ ಕಾರ್ಡ್ ನಡೆಯುವುದಿಲ್ಲ. ಮೈಸೀನಿಯ ಒಂದೇ ಟಿಕೆಟ್ಟು ಕೋಟೆ, ಸಂಗ್ರಹಾಲಯ, ಅರ್ಧ ಕಿ.ಮೀ. ಕೆಳಗಿನ ಆಟ್ರಿಯಸ್ ಖಜಾನೆ ಮೂರಕ್ಕೂ ಸಲ್ಲುತ್ತದೆ. ಕೋಟೆ ನೋಡಿ ಟಿಕೆಟ್ ಬಿಸಾಡಿದವರು ಕೆಳಗೆ ಬಂದು ಪೇಚಾಡುತ್ತಾರೆ. ಬೇಸಿಗೆಯಲ್ಲಿ ದೊಡ್ಡ ತಾಣಗಳು ಬೆಳಿಗ್ಗೆ 8ಕ್ಕೆ ತೆರೆದು ರಾತ್ರಿ 8ರವರೆಗೂ ಇರುತ್ತವೆ, ಸೆಪ್ಟೆಂಬರಿನಿಂದ ಮುಚ್ಚುವ ಹೊತ್ತು ಹಂತಹಂತವಾಗಿ ಹಿಂದೆ ಸರಿಯುತ್ತದೆ, ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೇ ಬಾಗಿಲು. ಡ್ರೋನ್ ಹಾರಿಸುವಂತಿಲ್ಲ, ಟ್ರೈಪಾಡ್‌ಗೆ ಪ್ರತ್ಯೇಕ ಅನುಮತಿ ಬೇಕು.

ಮೊದಲ ಸಂಜೆ: ಪಟ್ಟಣ

ಬಂದ ದಿನ ಏನೂ ಹಚ್ಚಿಕೊಳ್ಳಬೇಡಿ. ಕೋಣೆ ಕಾಯ್ದಿರಿಸುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಬೀದಿಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಹಳೆಪೇಟೆಯ ಮೇಲ್ಭಾಗದ ಓಣಿಗಳೆಲ್ಲ ಮೆಟ್ಟಿಲೇ. ಫೋಟೋದಲ್ಲಿ ಕಾಗದದ ಹೂವಿನ ಬಳ್ಳಿ ಕಾಣುತ್ತದೆ, ಅರವತ್ತು ಮೆಟ್ಟಿಲು ಕಾಣುವುದಿಲ್ಲ.

ಸಿಂತಾಗ್ಮಾ ಚೌಕದಿಂದ ಶುರುಮಾಡಿ. ನೆಲಕ್ಕೆ ಹಾಸಿದ ಅಮೃತಶಿಲೆ ಮಳೆ ಬಂದರೆ ಎಣ್ಣೆ ಸುರಿದಂತೆ ಜಾರುತ್ತದೆ. ಆಧುನಿಕ ಗ್ರೀಸ್‌ನ ಮೊದಲ ರಾಜಧಾನಿ ಈ ಪಟ್ಟಣವೇ. 1834ರಲ್ಲಿ ರಾಜಧಾನಿ ಅಥೆನ್ಸ್‌ಗೆ ಹೋಯಿತು. ಆ ಕಾಲದ ಕುರುಹುಗಳಲ್ಲಿ ಮೈ ಜುಮ್ಮೆನ್ನಿಸುವುದು ಸಂತ ಸ್ಪಿರಿಡಾನ್ ಚರ್ಚಿನ ಬಾಗಿಲು. ದೇಶದ ಮೊದಲ ಆಡಳಿತಗಾರ ಇಯೊವಾನಿಸ್ ಕಪೋದಿಸ್ತ್ರಿಯಾಸ್ 1831ರಲ್ಲಿ ಪ್ರಾರ್ಥನೆಗೆ ಬಂದಾಗ ಇಲ್ಲೇ ಗುಂಡಿಗೆ ಬಲಿಯಾದ. ಬಾಗಿಲ ಪಕ್ಕದ ಗೋಡೆಯಲ್ಲಿರುವ ಗುಂಡಿನ ಗುರುತಿಗೆ ಗಾಜು ಹೊದಿಸಿದ್ದಾರೆ. ಚರ್ಚು ಪುಟ್ಟದು, ಓಣಿ ಕಿರಿದು, ಹುಡುಕದೆ ಸಿಗುವುದಿಲ್ಲ.

ಕತ್ತಲಾಗುವ ಮುಂಚೆ ಬಂದರಿನ ದಂಡೆಗೆ ಬಂದರೆ ನೀರಿನ ನಡುವೆ ಬೂರ್ಜಿ ಕೋಟೆ, ವೆನಿಸ್‌ನವರು 15ನೇ ಶತಮಾನದಲ್ಲಿ ಕಟ್ಟಿಸಿದ್ದು. ಮುಂದೊಂದು ಕಾಲದಲ್ಲಿ ಗುಡ್ಡದ ಮೇಲಿನ ಪಾಲಮೀದಿ ಕೋಟೆಯ ಸೆರೆಮನೆಯಲ್ಲಿ ಗಲ್ಲಿನ ಕೆಲಸ ಮಾಡುತ್ತಿದ್ದವರನ್ನು ಊರೊಳಗೆ ಸೇರಿಸದೆ ಇಲ್ಲಿ ಇರಿಸುತ್ತಿದ್ದರು. ದೋಣಿಗಳು ಸುತ್ತು ಹಾಕಿಸುತ್ತವೆ, ಆದರೆ ದಂಡೆಯಿಂದ ಕಾಣುವ ಚೆಂದವೇ ಹೆಚ್ಚು.

ಎರಡನೆಯ ದಿನ: ಮೈಸೀನಿ, ಬೆಳಿಗ್ಗೆ ಎಂಟಕ್ಕೆ

ಏಳೂಕಾಲಕ್ಕೆ ಹೊರಡಿ. ಮೊದಲು ಕೋಟೆಗಲ್ಲ, ಆಟ್ರಿಯಸ್ ಖಜಾನೆಗೆ ಹೋಗಿ. ಕೋಟೆಗೆ ಹೋಗುವ ರಸ್ತೆಯಲ್ಲೇ ಎಡಗಡೆ ಸಿಗುತ್ತದೆ. ಕಾರಣ ಎರಡು. ಪ್ಯಾಕೇಜ್ ಬಸ್ಸುಗಳು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತವೆ ಅಥವಾ ಬಿಟ್ಟೇಬಿಡುತ್ತವೆ. ಮತ್ತೆ ಇದರ ಬಾಗಿಲು ಪೂರ್ವಕ್ಕಿದೆ, ಬೆಳಗಿನ ಬೆಳಕು ನೇರ ಒಳಗೆ ಬೀಳುತ್ತದೆ.

ಹೆಸರು ಖಜಾನೆ, ನಿಜದಲ್ಲಿ ಸಮಾಧಿ. ಕ್ರಿ.ಪೂ. 13ನೇ ಶತಮಾನದ ಸುಮಾರಿನದು. 36 ಮೀಟರ್ ಉದ್ದದ ಕಲ್ಲುಗೋಡೆಯ ಹಾದಿಯಲ್ಲಿ ನಡೆದು ಬಾಗಿಲ ಕೆಳಗೆ ನಿಂತು ತಲೆಯೆತ್ತಿ. ಮೇಲಿರುವ ಒಳಗಿನ ತೊಲೆಗಲ್ಲು ಒಂದೇ ಕಲ್ಲು, ತೂಕ ಸುಮಾರು 120 ಟನ್. ಅದರ ಮೇಲೆ ತ್ರಿಕೋನದ ಖಾಲಿ ಜಾಗ ಬಿಟ್ಟಿದ್ದಾರೆ. ಮೇಲಿನ ಗೋಡೆಯ ಭಾರ ತೊಲೆಗಲ್ಲಿನ ನಡುವಿಗೆ ಬೀಳದೆ ಎರಡು ಬದಿಗೆ ಇಳಿದುಹೋಗಲಿ ಎಂಬ ಉಪಾಯ ಅದು. ಇದನ್ನು ಇಲ್ಲಿ ಅರ್ಥಮಾಡಿಕೊಂಡರೆ ಸಿಂಹದ್ವಾರದಲ್ಲಿ ಸಿಂಹಗಳು ಯಾಕೆ ತ್ರಿಕೋನದೊಳಗೆ ಕೂತಿವೆ ಅನ್ನುವುದು ಯಾರೂ ಹೇಳದೆಯೇ ಹೊಳೆಯುತ್ತದೆ: ಭಾರ ಇಳಿಸಲು ಬಿಟ್ಟ ಕಿಂಡಿಯನ್ನು ತೆಳುವಾದ ಕೆತ್ತಿದ ಚಪ್ಪಡಿಯಿಂದ ಮುಚ್ಚಿದ್ದಾರೆ.

ಒಳಗೆ ಗೋಪುರದ ಎತ್ತರ 13 ಮೀಟರಿಗೂ ಹೆಚ್ಚು, ಅಗಲ ಸುಮಾರು 14.5. 33 ವರಸೆ ಕಲ್ಲು. ಒಂದೊಂದು ವರಸೆಯನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ, ಕೊನೆಗೆ ಚಾಚಿದ ಮೂಲೆಗಳನ್ನೆಲ್ಲ ತರಿದು ನುಣುಪು ಮಾಡಿದ್ದಾರೆ. ರೋಮನ್ನರು ದೊಡ್ಡ ಗುಮ್ಮಟಗಳನ್ನು ಕಟ್ಟುವವರೆಗೆ, ಸಾವಿರ ವರ್ಷಕ್ಕೂ ಹೆಚ್ಚು ಕಾಲ, ಲೋಕದಲ್ಲಿ ಇದಕ್ಕಿಂತ ಅಗಲವಾದ ಗುಮ್ಮಟ ಇರಲಿಲ್ಲ. ನಡುಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಎರಡು ಹೆಜ್ಜೆ ಸರಿದು ಮತ್ತೊಮ್ಮೆ ತಟ್ಟಿ. ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಬಲಕ್ಕಿರುವ ಪಕ್ಕದ ಕೋಣೆ ಕಡುಗತ್ತಲು, ಟಾರ್ಚ್ ಬೇಕು.

ಒಂಬತ್ತರೊಳಗೆ ಕೋಟೆಗೆ ಏರಿ. ಸಿಂಹದ್ವಾರ ಕ್ರಿ.ಪೂ. 1250ರ ಸುಮಾರಿನದು, ತೊಲೆಗಲ್ಲು 20 ಟನ್. ಸಿಂಹಗಳ ತಲೆ ಬೇರೆ ಕಲ್ಲಿನಲ್ಲೋ ಲೋಹದಲ್ಲೋ ಮಾಡಿ ಸಿಕ್ಕಿಸಿದ್ದು, ಈಗ ಇಲ್ಲ. ಬಾಗಿಲು ವಾಯವ್ಯಕ್ಕೆ ಮುಖಮಾಡಿರುವುದರಿಂದ ಬೆಳಿಗ್ಗೆ ಸಿಂಹಗಳು ನೆರಳಿನಲ್ಲಿರುತ್ತವೆ. ಫೋಟೋ ಮುಖ್ಯವಾದರೆ ಬೇಸಿಗೆಯ ಸಂಜೆ ಐದರ ಮೇಲೆ ಬರಬೇಕು. ನಿಶ್ಶಬ್ದ ಮುಖ್ಯವಾದರೆ ಬೆಳಿಗ್ಗೆ. ನಮ್ಮ ಮತ ನಿಶ್ಶಬ್ದಕ್ಕೆ.

ಒಳಗೆ ಬಲಕ್ಕೆ ವೃತ್ತಾಕಾರದ ಸಮಾಧಿ ಸ್ಥಳ. 1876ರಲ್ಲಿ ಜರ್ಮನಿಯ ಪುರಾತತ್ವ ಅನ್ವೇಷಕ ಹೈನ್ರಿಕ್ ಶ್ಲೀಮಾನ್ ಇಲ್ಲಿ ಅಗೆದು ಚಿನ್ನದ ಮುಖವಾಡ ಕಂಡ, ಅದನ್ನು ಟ್ರಾಯ್ ಯುದ್ಧದ ಕತೆಯ ಮೈಸೀನಿ ದೊರೆ ಆಗಮೆಮ್ನಾನನದೆಂದ. ಆದರೆ ಮುಖವಾಡ ಕ್ರಿ.ಪೂ. 16ನೇ ಶತಮಾನದ್ದು, ಟ್ರಾಯ್ ಯುದ್ಧ ನಡೆದಿದ್ದರೆ ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದಿನದು. ಆರು ಸಮಾಧಿಗಳಲ್ಲಿ 19 ಜನರ ಅಸ್ಥಿ ಸಿಕ್ಕವು, ಇಬ್ಬರು ಮಕ್ಕಳು. ಕೋಟೆಯನ್ನು ವಿಸ್ತರಿಸುವಾಗ ಆಗಲೇ ಹಳೆಯದಾಗಿದ್ದ ಈ ಸಮಾಧಿಗಳನ್ನು ಗೋಡೆಯೊಳಗೆ ಸೇರಿಸಿಕೊಂಡು ಸುತ್ತ ಚಪ್ಪಡಿ ನಿಲ್ಲಿಸಿದ್ದಾರೆ. ಪೂರ್ವಿಕರನ್ನು ಹೊರಗೆ ಬಿಡಲು ಅವರಿಗೂ ಮನಸ್ಸಾಗಲಿಲ್ಲ.

ಹೆಚ್ಚಿನವರು ಇಲ್ಲಿಂದ ಅರಮನೆಯ ತುದಿಗೆ ಹೋಗಿ ಫೋಟೋ ತೆಗೆದು ಬಂದ ದಾರಿಯಲ್ಲೇ ಇಳಿಯುತ್ತಾರೆ. ನೀವು ಇಳಿಯಬೇಡಿ. ತುದಿಯಿಂದ ಪೂರ್ವದ ಕಡೆಗೆ, ಕೋಟೆಯ ಹಿಂಬದಿಗೆ ನಡೆಯಿರಿ. ಅಲ್ಲಿ ಗೋಡೆಯಡಿಯಿಂದ ಭೂಗರ್ಭಕ್ಕೆ ಇಳಿಯುವ ಗುಪ್ತ ಮೆಟ್ಟಿಲುಗಳಿವೆ. ಮುತ್ತಿಗೆಯ ಕಾಲಕ್ಕೆಂದು ಹೊರಗಿನ ಚಿಲುಮೆಯ ನೀರನ್ನು ಮಣ್ಣಿನ ಕೊಳವೆಯಲ್ಲಿ ತಂದು ನೆಲದಡಿಯ ತೊಟ್ಟಿಯಲ್ಲಿ ತುಂಬಿಸಿಕೊಳ್ಳುತ್ತಿದ್ದರು, ಸುಮಾರು 18 ಮೀಟರ್ ಆಳ. ಮೆಟ್ಟಿಲು ತೇವ, ಸವೆದಿದೆ, ಎರಡು ಕಡೆ ತಿರುಗುತ್ತದೆ, ಮೊದಲ ತಿರುವಿನ ನಂತರ ಕೈ ಕಾಣದಷ್ಟು ಕತ್ತಲು. ಮೊಬೈಲ್ ಬೆಳಕು ಸಾಲದು, ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಗೋಡೆ ಹಿಡಿಯಲು ಉಳಿಯುತ್ತವೆ. ಹಗ್ಗ ಕಟ್ಟಿದ್ದರೆ ಅಲ್ಲಿಗೇ ನಿಲ್ಲಿ. ಅಲ್ಲಿಂದ ಉತ್ತರದ ದಿಡ್ಡಿ ಬಾಗಿಲಿನ ಮೂಲಕ ಹೊರಬಿದ್ದರೆ ದಾರಿ ಸಂಗ್ರಹಾಲಯಕ್ಕೆ ಇಳಿಯುತ್ತದೆ. ಸಂಗ್ರಹಾಲಯದಲ್ಲಿರುವ ಚಿನ್ನದ ಮುಖವಾಡ ನಕಲು. ಆದರೆ ಕೈಯೆತ್ತಿ ನಿಂತ ಒರಟು ಮುಖದ ಮಣ್ಣಿನ ವಿಗ್ರಹಗಳು, ಸುರುಳಿ ಸುತ್ತಿದ ಮಣ್ಣಿನ ಹಾವುಗಳು ಅಸಲಿ, ಬಿಡಬಾರದಂಥವು.

ಒಟ್ಟು ಮೂರು ಮೂರೂವರೆ ಗಂಟೆ. ನೆರಳು ಸಂಗ್ರಹಾಲಯದೊಳಗೆ ಮಾತ್ರ.

ವಾಪಸು ಬರುವಾಗ ಟಿರಿನ್ಸ್. ಮೈಸೀನಿಯ ಜೊತೆ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರೂ ಇಲ್ಲಿ ಇಳಿಯುವವರು ಬೆರಳೆಣಿಕೆ. ಬಯಲಿನ ನಡುವೆ ಒಂದು ತಗ್ಗು ದಿಬ್ಬ, ರಸ್ತೆಯಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಗೋಡೆಯ ಬುಡಕ್ಕೆ ಹೋಗಿ ನಿಂತಾಗಲೇ ಗಾತ್ರ ತಿಳಿಯುವುದು. ಇಷ್ಟು ದೊಡ್ಡ ಬಂಡೆಗಳನ್ನು ಒಕ್ಕಣ್ಣಿನ ದೈತ್ಯರೇ ಪೇರಿಸಿರಬೇಕು ಎಂದು ಗ್ರೀಕರೇ ನಂಬಿದ್ದರು. ಎರಡನೇ ಶತಮಾನದ ಪ್ರವಾಸಿ ಪೌಸೇನಿಯಸ್, ನಮ್ಮವರು ದೂರದ ಪಿರಮಿಡ್ಡುಗಳನ್ನು ವರ್ಣಿಸುತ್ತಾರೆ, ಟಿರಿನ್ಸ್ ಗೋಡೆಗಳನ್ನು ಮರೆಯುತ್ತಾರೆ ಎಂದು ಆಗಲೇ ಗೊಣಗಿದ್ದ. ಗೋಡೆಯ ದಪ್ಪದೊಳಗಿನ ಓಣಿಗಳಲ್ಲಿ ಸೊಂಟದೆತ್ತರದವರೆಗೆ ಕಲ್ಲನ್ನು ಸವರಿ ನೋಡಿ, ಗಾಜಿನಂತೆ ನುಣುಪು. ಶತಮಾನಗಳ ಕಾಲ ಇಲ್ಲಿ ನೆರಳಿಗೆ ನಿಂತ ಕುರಿಗಳ ಮೈ ಉಜ್ಜಿ ಆದ ನುಣುಪು ಅದು. ಒಂದು ಗಂಟೆ ಸಾಕು.

ಮೂರನೆಯ ದಿನ: ಬೆಳಿಗ್ಗೆ ಪಾಲಮೀದಿ, ಸಂಜೆ ಎಪಿಡಾರಸ್

ಪಾಲಮೀದಿ ಕೋಟೆ ಪಟ್ಟಣದ ನೆತ್ತಿಯ ಮೇಲೆ 216 ಮೀಟರ್ ಎತ್ತರದಲ್ಲಿದೆ. ವೆನಿಸ್‌ನವರು 1711ರಿಂದ 1714ರೊಳಗೆ ಕಟ್ಟಿ ಮುಗಿಸಿದರು, ಮರುವರ್ಷವೇ ತುರ್ಕರ ಪಾಲಾಯಿತು. ಮೆಟ್ಟಿಲು 999 ಎಂದು ಊರೆಲ್ಲ ಹೇಳುತ್ತದೆ. ಸಾವಿರನೆಯದನ್ನು ಸೇನಾನಿ ಕೊಲೊಕೊತ್ರೋನಿಸನ ಕುದುರೆ ಮುರಿಯಿತಂತೆ. ಬಾಗಿಲವರೆಗೆ ಎಣಿಸಿದರೆ ಅಷ್ಟಿಲ್ಲ, ಆದರೆ ಮಂಡಿಗೆ ಅಷ್ಟೇ ಅನ್ನಿಸುತ್ತದೆ. ಮೆಟ್ಟಿಲು ಗುಡ್ಡದ ಪಶ್ಚಿಮದ ಮೈಯಲ್ಲಿರುವುದರಿಂದ ಬೆಳಿಗ್ಗೆ ನೆರಳಿರುತ್ತದೆ, ಹತ್ತಲು ಅದೇ ಸಮಯ. ಏಳೂವರೆಗೆ ಶುರುಮಾಡಿ, ನಿಧಾನವಾಗಿ ಹತ್ತಿದರೆ ಅರ್ಧ ಗಂಟೆ. ಮಂಡಿನೋವಿನವರಿಗೆ ಇಳಿಯುವುದೇ ಕಷ್ಟ: ಮೆಟ್ಟಿಲಿನ ಎತ್ತರ ಒಂದೇ ಸಮವಿಲ್ಲ, ಕಲ್ಲು ನಯವಾಗಿದೆ. ಹಿಂಬದಿಯಿಂದ ಕಾರಿನ ರಸ್ತೆಯಿದೆ, ಟ್ಯಾಕ್ಸಿಯಲ್ಲಿ ಹತ್ತಿ ಟ್ಯಾಕ್ಸಿಯಲ್ಲೇ ಇಳಿಯಲಿ. ಒಳಗೆ ಎಂಟು ಕೊತ್ತಲಗಳು. ಸ್ವಾತಂತ್ರ್ಯ ಯುದ್ಧ ಗೆಲ್ಲಿಸಿದ ಅದೇ ಕೊಲೊಕೊತ್ರೋನಿಸನನ್ನು ಹೊಸ ಸರ್ಕಾರ 1834ರಲ್ಲಿ ಸೆರೆಯಲ್ಲಿಟ್ಟ ಕೋಣೆ ಎಂದು ತೋರಿಸುವ ಕತ್ತಲ ಗೂಡಿಗೆ ಬಗ್ಗಿಯೇ ಹೋಗಬೇಕು, ತಲೆ ಜೋಪಾನ.

ಇಳಿದು ಕಾಫಿ ಕುಡಿದು ಸಿಂತಾಗ್ಮಾ ಚೌಕದ ಪುರಾತತ್ವ ಸಂಗ್ರಹಾಲಯಕ್ಕೆ ಬನ್ನಿ (ಮಂಗಳವಾರ ರಜೆ, ದಿನ ಗೊತ್ತುಮಾಡುವಾಗಲೇ ನೆನಪಿಡಿ). ವೆನಿಸ್‌ನವರ ಉಗ್ರಾಣದ ಕಟ್ಟಡ, 1713ರದು. ಇಲ್ಲಿ ಒಂದೇ ವಸ್ತುವಿನ ಮುಂದೆ ಹದಿನೈದು ನಿಮಿಷ ನಿಲ್ಲಿ: 1960ರಲ್ಲಿ ಹತ್ತಿರದ ದೆಂದ್ರಾ ಹಳ್ಳಿಯಲ್ಲಿ ಸಿಕ್ಕ ಕಂಚಿನ ಕವಚ, ಕ್ರಿ.ಪೂ. 15ನೇ ಶತಮಾನದ್ದು. ಕುತ್ತಿಗೆಗೆ ಗದ್ದ ಮುಚ್ಚುವ ಪಟ್ಟಿ, ಹೆಗಲಿಗೆ ಕಂಚಿನ ಗಂಟೆಯಂಥ ಹೊದಿಕೆ, ಸೊಂಟದಿಂದ ಕೆಳಗೆ ಒಂದರ ಮೇಲೊಂದು ಸರಿಯುವ ಪಟ್ಟಿಗಳು. ಜೊತೆಗೆ ಕಾಡುಹಂದಿಯ ಕೋರೆ ಪೋಣಿಸಿದ ಶಿರಸ್ತ್ರಾಣ. ಇದನ್ನು ತೊಟ್ಟು ಯುದ್ಧ ಮಾಡಲು ಸಾಧ್ಯವೇ, ಬರೀ ಮೆರವಣಿಗೆಗೋ ಎಂಬ ವಾದ ಬಹುಕಾಲ ಇತ್ತು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13 ಗ್ರೀಕ್ ಸೈನಿಕರು ಇದರ ಪ್ರತಿಕೃತಿ ಧರಿಸಿ 11 ಗಂಟೆ ಕಾದಾಟದ ಅಣಕು ನಡೆಸಿ ಸಾಧ್ಯವೆಂದು ತೋರಿಸಿದರು.

ಮಧ್ಯಾಹ್ನ ಮಲಗಿ. ಊರೇ ಮಲಗಿರುತ್ತದೆ, ಮೂರರಿಂದ ಐದರವರೆಗೆ ಅಂಗಡಿಗಳ ಬಾಗಿಲು ಹಾಕಿರುತ್ತದೆ.

ಬೇಸಿಗೆಯಲ್ಲಿ ನಾಲ್ಕಕ್ಕೆ, ಅಕ್ಟೋಬರಿನಲ್ಲಾದರೆ ಎರಡಕ್ಕೆ ಎಪಿಡಾರಸ್ ಕಡೆ ಹೊರಡಿ. ಅರ್ಧ ದಾರಿಯಲ್ಲಿ ಆರ್ಕಾದಿಕೊ ಹಳ್ಳಿಯ ಹತ್ತಿರ ರಸ್ತೆ ಪಕ್ಕದ ಹಳ್ಳಕ್ಕೆ ಒಂದು ಕಲ್ಲು ಸೇತುವೆಯಿದೆ. ಬರೀ 22 ಮೀಟರ್ ಉದ್ದ, ಗಾರೆ ಇಲ್ಲ, ಮೈಸೀನಿಯ ರಥಗಳಿಗಾಗಿ ಕ್ರಿ.ಪೂ. 13ನೇ ಶತಮಾನದಲ್ಲಿ ಕಟ್ಟಿದ್ದು, ಇವತ್ತಿಗೂ ಮೇಲೆ ನಡೆಯಬಹುದು. ಬೋರ್ಡು ಚಿಕ್ಕದು, ವೇಗದಲ್ಲಿದ್ದರೆ ತಪ್ಪಿಹೋಗುತ್ತದೆ.

ಎಪಿಡಾರಸ್ ಎಂದರೆ ರಂಗಮಂದಿರ ಎಂದೇ ಎಲ್ಲರ ತಲೆಯಲ್ಲಿದೆ. ನಿಜದಲ್ಲಿ ಇದು ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರ, ರಂಗಮಂದಿರ ಅದರ ಒಂದು ಅಂಗ. ರೋಗಿಗಳು ಮಿಂದು, ಹರಕೆ ಸಲ್ಲಿಸಿ, ಉದ್ದನೆಯ ಪಡಸಾಲೆಯಲ್ಲಿ ರಾತ್ರಿ ಮಲಗುತ್ತಿದ್ದರು. ದೇವರು ಕನಸಿನಲ್ಲಿ ಬಂದು ವಾಸಿಮಾಡುತ್ತಾನೆಂಬ ನಂಬಿಕೆ. ಹಾಗೆ ವಾಸಿಯಾದವರ ಕತೆಗಳನ್ನು ಕೆತ್ತಿದ ಶಾಸನಗಳು ಇಲ್ಲಿ ಸಿಕ್ಕಿವೆ. ಮೊದಲನೆಯದು ಐದು ವರ್ಷ ಬಸುರಿಯಾಗಿದ್ದ ಕ್ಲಿಯೊ ಎಂಬಾಕೆಯದು: ಇಲ್ಲಿ ಮಲಗಿ ಎದ್ದು ಹೊರಗೆ ಹೋದವಳು ಗಂಡುಮಗು ಹೆತ್ತಳು, ಮಗು ಹುಟ್ಟಿದ ತಕ್ಷಣ ಎದ್ದು ಹೋಗಿ ಸ್ನಾನ ಮಾಡಿತು. ನಮ್ಮ ಊರದೇವರ ಪವಾಡಗಳನ್ನು ಕೇಳಿ ಬೆಳೆದವರಿಗೆ ಇದು ಹೊಸ ಲೋಕವೇನಲ್ಲ. ಹಾಗಾಗಿ ಕ್ಷೇತ್ರ, ಸಂಗ್ರಹಾಲಯ ಮೊದಲು. ರಂಗಮಂದಿರ ಕೊನೆಗೆ, ಬಸ್ಸುಗಳು ಹೋದ ಮೇಲೆ. ಸಂಗ್ರಹಾಲಯದಲ್ಲಿ ಕಂಚಿನ ಶಸ್ತ್ರಚಿಕಿತ್ಸೆಯ ಸಲಕರಣೆಗಳೂ ಇವೆ. ಕನಸಿನ ಜೊತೆ ಕತ್ತಿಯೂ ಇತ್ತು.

ರಂಗಮಂದಿರ ಕ್ರಿ.ಪೂ. 4ನೇ ಶತಮಾನದ ಕೊನೆಯದು. ಕೆಳಗೆ 34 ಸಾಲು, ನಂತರ ಸೇರಿಸಿದ 21 ಸಾಲು ಮೇಲೆ. ಧ್ವನಿ ಪರೀಕ್ಷೆ ಹೀಗೆ ಮಾಡಿ: ಒಬ್ಬರು ಕೆಳಗಿನ ವೃತ್ತದ ನಡುವಿನ ಕಲ್ಲಿನ ಮೇಲೆ ನಿಲ್ಲಲಿ, ಉಳಿದವರು 20ನೇ ಸಾಲಿನಲ್ಲೊಮ್ಮೆ, 55ನೆಯದರಲ್ಲೊಮ್ಮೆ ಕೂರಲಿ. ನಾಣ್ಯ ಬೀಳಿಸಿ, ಕಾಗದ ಹರಿದು, ಸಾಧಾರಣ ದನಿಯಲ್ಲಿ ನಾಲ್ಕು ಮಾತಾಡಿ. ಪಿಸುಮಾತು ಕೊನೆಯ ಸಾಲಿಗೂ ಕೇಳುತ್ತದೆ ಎಂದು ಗೈಡ್‌ಗಳು ಹೇಳುವುದು ಉತ್ಪ್ರೇಕ್ಷೆ. 2017ರಲ್ಲಿ ಡಚ್ ಸಂಶೋಧಕರು ಅಳೆದು ನೋಡಿ ಹಾಗಿಲ್ಲವೆಂದರು. ಗಟ್ಟಿಯಾಗಿ ಆಡಿದ ಮಾತು ಮಾತ್ರ ತುದಿಯವರೆಗೆ ಸ್ಪಷ್ಟ. ಸಾಲುಸಾಲಾದ ಸುಣ್ಣಕಲ್ಲಿನ ಆಸನಗಳು ಜನಜಂಗುಳಿಯ ಗುಜುಗುಜುವಿನಂಥ ತಗ್ಗು ಸದ್ದನ್ನು ಅಡಗಿಸಿ ಮಾತಿನ ಮೇಲುಸದ್ದನ್ನು ಉಳಿಸುತ್ತವೆ ಎಂಬುದು 2007ರ ಇನ್ನೊಂದು ಅಧ್ಯಯನದ ವಿವರಣೆ.

ಜುಲೈ, ಆಗಸ್ಟ್‌ನ ಶುಕ್ರವಾರ, ಶನಿವಾರ ರಾತ್ರಿ ಇಲ್ಲಿ ಪ್ರಾಚೀನ ನಾಟಕಗಳ ಪ್ರದರ್ಶನವಿರುತ್ತದೆ. ಸಾಮಾನ್ಯವಾಗಿ ಆಧುನಿಕ ಗ್ರೀಕ್‌ನಲ್ಲಿ, ಇಂಗ್ಲಿಷ್ ಅಡಿಬರಹದ ಪರದೆಯೊಂದಿಗೆ. ಈಡಿಪಸ್, ಆಂಟಿಗನಿ ಕನ್ನಡದಲ್ಲಿ ಓದಿದವರು, ರಂಗದ ಮೇಲೆ ನೋಡಿದವರು ಪರದೆ ನೋಡುವ ಗೋಜಿಗೇ ಹೋಗಬೇಕಿಲ್ಲ. ಹೀಲ್ಸ್ ಚಪ್ಪಲಿಗೆ ಪ್ರವೇಶವಿಲ್ಲ, ಕಲ್ಲು ಹಾಳಾಗುತ್ತದೆ. ಕಲ್ಲಾಸನಕ್ಕೆ ಬೆನ್ನಾನಿಕೆ ಇಲ್ಲ, ಒಂದು ದಿಂಬು ಒಯ್ಯಿರಿ. ಮುಗಿಯುವಾಗ ಮಧ್ಯರಾತ್ರಿಯ ಹತ್ತಿರ, ಕಾರು ಹೊರತೆಗೆಯಲು ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆ ದಿನಗಳಲ್ಲಿ ತಯಾರಿಗಾಗಿ ತಾಣ ಬೇಗ ಮುಚ್ಚಬಹುದು. ನಾಟಕಕ್ಕೆ ಹೋಗದವರು ವಾರದ ಬೇರೆ ದಿನ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ

ಗ್ರೀಕರಲ್ಲಿ ಉಪವಾಸದ ಅಡುಗೆಯ ದೊಡ್ಡ ಪರಂಪರೆಯಿದೆ. ‘ನಿಸ್ತೀಸಿಮೊ’ ಇದೆಯೇ ಎಂದು ಕೇಳಿ, ಅಂದರೆ ಉಪವಾಸಕ್ಕೆ ಸಲ್ಲುವುದು: ಮಾಂಸ, ಮೊಟ್ಟೆ, ಹಾಲು ಇಲ್ಲ. ಆದರೆ ರಕ್ತವಿಲ್ಲದ ಪ್ರಾಣಿಗಳೆಂದು ಸೀಗಡಿ, ಬೊಂಡಾಸ್, ಆಕ್ಟೋಪಸ್‌ಗೆ ಉಪವಾಸದಲ್ಲೂ ಅನುಮತಿಯಿದೆ. ಆದ್ದರಿಂದ ಅಷ್ಟಕ್ಕೇ ನಂಬಿ ಕೂರಬೇಡಿ, ‘ಹೋರೀಸ್ ಕ್ರೇಅಸ್, ಹೋರೀಸ್ ಥಲಸಿನಾ’ (ಮಾಂಸ ಬೇಡ, ಕಡಲಿನದು ಬೇಡ) ಎಂದು ಸೇರಿಸಿ. ಗಿಗಾಂತೆಸ್ ಅನ್ನುವುದು ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಕಾಳು. ಫಾವಾ ನಮ್ಮ ಗಟ್ಟಿ ತೊವ್ವೆಯ ದೂರದ ನೆಂಟ. ಬ್ರಿಯಾಮ್ ಬದನೆ, ಆಲೂಗಡ್ಡೆ, ಕುಂಬಳದ ಜಾತಿಯ ಕಾಯಿ ಸೇರಿಸಿ ಒಲೆಯಲ್ಲಿ ಬೇಯಿಸಿದ್ದು. ಅನ್ನ ತುಂಬಿದ ಟೊಮೆಟೊ, ಅಂದರೆ ಗೆಮಿಸ್ತಾ, ಕೆಲವು ಕಡೆ ಕೈಮಾದೊಂದಿಗೆ ಬರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಇನ್ನೊಂದು: ‘ನೆ’ ಎಂದರೆ ಹೌದು, ‘ಓಹಿ’ ಎಂದರೆ ಇಲ್ಲ. ಮಾಂಸ ಇದೆಯೇ ಎಂದು ಕೇಳಿ ‘ನೆ’ ಎಂಬ ಉತ್ತರ ಬಂದಾಗ ಇಲ್ಲ ಎಂದುಕೊಂಡು ತಟ್ಟೆಗೆ ಕೈ ಹಾಕಬೇಡಿ.

ನಾಲ್ಕನೆಯ ದಿನ: ವಾಪಸು ದಾರಿ

ಕಾರಿದ್ದರೆ ಪ್ರಾಚೀನ ಕ್ರೀಡಾಕೂಟಗಳು ನಡೆಯುತ್ತಿದ್ದ ನೆಮೆಯಾಗೆ ಒಂದು ತಿರುವು ತೆಗೆದುಕೊಳ್ಳಿ. ಜ್ಯೂಸ್ ದೇವಾಲಯದ ತೆಳುವಾದ ಎತ್ತರದ ಕಂಬಗಳಿಗಿಂತ ಅಲ್ಲಿಂದ ಸ್ವಲ್ಪ ದೂರದ ಕ್ರೀಡಾಂಗಣ ಮನಸ್ಸಿನಲ್ಲಿ ಉಳಿಯುತ್ತದೆ. ಸ್ಪರ್ಧಿಗಳು ಮೈದಾನಕ್ಕೆ ಬರುತ್ತಿದ್ದ 36 ಮೀಟರ್ ಕಲ್ಲಿನ ಸುರಂಗ ಇಡಿಯಾಗಿ ಉಳಿದಿದೆ, ಸರದಿ ಕಾಯುತ್ತಿದ್ದವರು ಗೋಡೆಯಲ್ಲಿ ಗೀಚಿದ ಹೆಸರುಗಳ ಸಮೇತ. ಕೊರಿಂಥ್ ಕಾಲುವೆಗೆ ಹತ್ತು ನಿಮಿಷ ಸಾಕು: 1893ರಲ್ಲಿ ಮುಗಿದದ್ದು, 6 ಕಿ.ಮೀ.ಗೂ ತುಸು ಹೆಚ್ಚು ಉದ್ದ, ನೇರ ಗೆರೆ ಎಳೆದಂತೆ ಬಂಡೆ ಸೀಳಿದ್ದಾರೆ. ಹೊಸ ಹೆದ್ದಾರಿ ಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ, ಪಕ್ಕದ ಹಳೆಯ ರಸ್ತೆಯ ಸೇತುವೆಗೆ ಇಳಿಯಬೇಕು.

ಅಥೆನ್ಸ್ ತಲುಪಿದ ಮೇಲೆ ಅರ್ಧ ದಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯಕ್ಕೆ ಇಡಿ. ಅದನ್ನು ಮೊದಲೇ ನೋಡಿ ಮೈಸೀನಿಗೆ ಹೋಗುವವರೂ ಇದ್ದಾರೆ, ಆದರೆ ಮೊದಲು ಗುಂಡಿ, ಆಮೇಲೆ ಚಿನ್ನ ನೋಡುವುದೇ ಸರಿಯಾದ ಕ್ರಮ. ಬಾಗಿಲು ದಾಟಿ ನೇರ ಎದುರಿಗೆ ನಡೆದರೆ ಮೈಸೀನಿಯ ಕೋಣೆ. ಮುಖವಾಡದ ಮುಂದೆ ಗುಂಪಿದ್ದರೆ ಅದು ಕರಗುವವರೆಗೆ ಅದೇ ಕೋಣೆಯಲ್ಲಿ ಚಿನ್ನದ ತೆಳು ಹಾಳೆ ಹುಡುಕಿ: ಪುಟ್ಟ ಮಗುವಿನ ಮೈ, ಮುಖ, ಕೈಕಾಲಿನ ಅಳತೆಗೆ ಕತ್ತರಿಸಿ ಹೊದಿಸಿದ್ದು. ಆ ವೃತ್ತದಲ್ಲಿ ಸಿಕ್ಕ 19 ಜನರಲ್ಲಿ ಇದ್ದ ಇಬ್ಬರು ಮಕ್ಕಳ ಪೈಕಿ ಒಂದರದು.